ಪಕ್ಷ ಯಾವತ್ತು?

ಭಾದ್ರಪದದ ಹುಣ್ಣಿಮೆ ಕಳೆದರೆ ನಂಜನಗೂಡು, ತಿ. ನರಸೀಪುರದ ಕಡೆ ನೆಂಟರು ಕೇಳುವುದು ‘ಯಾವ ಪಕ್ಷ’ ಅಂತಲ್ಲ, ‘ನಿಮ್ಮಲ್ಲಿ ಪಕ್ಷ ಯಾವತ್ತು’ ಅಂತ. ಹಿರಿಯರಿಗೆ ಎಡೆ ಇಡುವ ಹಬ್ಬವದು. ತಿಂಗಳ ಅರ್ಧವೂ ಪಕ್ಷ, ಹಕ್ಕಿಯ ರೆಕ್ಕೆಯೂ ಪಕ್ಷ. ಚುನಾವಣೆಯ ಪಕ್ಷ ಈ ಮನೆಗೆ ತೀರ ಈಚೆಗೆ ಬಂದ ಅಳಿಯ. ಊರ ಬಾಯಲ್ಲಿ ಅವನ ಹೆಸರು ‘ಪಾರ್ಟಿ’.

ರೆಕ್ಕೆ ಎಂದಮೇಲೆ ಹಾರಾಟ ಇದ್ದದ್ದೇ. ಹಾರುವವರನ್ನು ಹಿಡಿಯಲು 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಕುರ್ಚಿಯಲ್ಲಿ ಕೂತೇ ಪಕ್ಷ ಬಿಟ್ಟರೆ ಕುರ್ಚಿ ಹೋಗುತ್ತದೆ. ಕುರ್ಚಿಯನ್ನೇ ಬಿಟ್ಟು, ಬೇರೆ ಚಿಹ್ನೆ ಹಿಡಿದು ಮತ್ತೆ ಓಟು ಕೇಳಿದರೆ? 2008ರಲ್ಲಿ ನಮ್ಮ ರಾಜ್ಯ ಈ ದಾರಿ ಕಂಡುಕೊಂಡು, ಆಸ್ಪತ್ರೆಯಿಂದ ಒಂದು ಮಾತನ್ನೂ ಸಾಲ ತಂದಿತು: ‘ಆಪರೇಷನ್’.

ನಂಜನಗೂಡಿನದು ಬೇರೆ ಕಥೆ. 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ವಿ. ಶ್ರೀನಿವಾಸ ಪ್ರಸಾದ್ 2016ರಲ್ಲಿ ಮಂತ್ರಿ ಸ್ಥಾನ ಕಳೆದುಕೊಂಡರು. ಸ್ವಾಭಿಮಾನದ ಪ್ರಶ್ನೆ ಎಂದು ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಅವರೆದುರು ಜೆಡಿಎಸ್‌ನಿಂದ ಸೋತಿದ್ದ ಕಳಲೆ ಕೇಶವಮೂರ್ತಿ ಕಾಂಗ್ರೆಸ್ಸಿಗೆ ಬಂದರು. 2017ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಮುಖಗಳು ಅವೇ, ಚಿಹ್ನೆಗಳು ಮಾತ್ರ ಬದಲು. ಕೇಶವಮೂರ್ತಿ ಗೆದ್ದರು. ಎರಡು ಸಲವೂ ಕಾಂಗ್ರೆಸ್ಸಿನ ಚಿಹ್ನೆಗೇ ಓಟು ಹಾಕಿದವರು ನಿಂತಲ್ಲೇ ನಿಂತಿದ್ದರು. ಆದರೂ ಅವರ ಶಾಸಕ ಬದಲಾಗಿದ್ದ. ಮುನಿಸಿಗೆ ಕಾರಣ ಸಂಪುಟ, ತಿಂಗಳುಗಟ್ಟಲೆ ಶಾಸಕರಿಲ್ಲದೆ ಕೂತದ್ದು ತಾಲ್ಲೂಕು.

‘ಪಕ್ಷಾಂತರ’ದಲ್ಲಿ ‘ಅಂತರ’ ಎಂದರೆ ‘ಬೇರೆ’ ಎಂದರ್ಥ. ಕನ್ನಡದ ಕಿವಿಗೆ ಅದು ‘ದೂರ’ ಎಂದೂ ಕೇಳುತ್ತದೆ. ಅದೇ ತಾಲ್ಲೂಕಿನ ಬದನವಾಳಿಗೆ ಹೋದರೆ ಈ ಎರಡನೇ ಅರ್ಥವೇ ಸರಿ ಎನಿಸುತ್ತದೆ. ಖಾದಿ ಕೇಂದ್ರದ ಊರು ಅದು. ದೇವಸ್ಥಾನ ಪ್ರವೇಶದ ಜಗಳ 1993ರಲ್ಲಿ ಮೂವರು ದಲಿತರ ಕೊಲೆಗೆ ತಿರುಗಿ, ಲಿಂಗಾಯತರ ಬೀದಿಗೂ ದಲಿತರ ಬೀದಿಗೂ ನಡುವಿನ ದಾರಿ ಮುಚ್ಚಿತು. ಆ ಒಡಕೂ ಪಕ್ಷವೇ, ‘ಪಾರ್ಟಿ ಕಟ್ಟಿಕೊಂಡವ್ರೆ’ ಎಂದು ಹಳ್ಳಿಯಲ್ಲಿ ಹೇಳುತ್ತಾರಲ್ಲ, ಆ ಪಾರ್ಟಿ. ಅದಕ್ಕೆ ಚಿಹ್ನೆಯಿಲ್ಲ, ರಾಜೀನಾಮೆಯೂ ಇಲ್ಲ.

ದಾರಿ ಮುಚ್ಚಿದ್ದ ಆ ವರ್ಷಗಳಲ್ಲೇ ಪ್ರಸಾದ್ ಕಾಂಗ್ರೆಸ್ ಬಿಟ್ಟು, 1999ರಲ್ಲಿ ಸಂಯುಕ್ತ ಜನತಾದಳದಿಂದ ಸಂಸದರಾಗಿ, ಕಾಂಗ್ರೆಸ್ಸಿಗೆ ಮರಳಿ, ಮತ್ತೆ ಬಿಟ್ಟು, 2019ರಲ್ಲಿ ಬಿಜೆಪಿ ಸಂಸದರೂ ಆದರು. ಬದನವಾಳಿನ ಎರಡು ಬೀದಿಗಳ ನಡುವಿನ ದಾರಿ ತೆರೆದದ್ದು 2022ರ ಅಕ್ಟೋಬರ್ 2ರಂದು.