ಸ್ಟಾರ್ಟ್ ಆಗಿ ನಿಲ್ಲುವ ಲಾರಿ: ಡೀಸೆಲ್ ಪಂಪಿನ ಕಾಲದ ದೋಷಪತ್ತೆ

ಹಳೆಯ ಡೀಸೆಲ್ ಲಾರಿಗಳ ದೋಷಗಳಲ್ಲಿ, ಎಂಜಿನ್ ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೇ ನಿಂತುಹೋಗುವ ದೋಷಕ್ಕೆ ಬೇರೆಯೇ ಸ್ಥಾನವಿದೆ. ಸ್ಟಾರ್ಟೇ ಆಗದ ಎಂಜಿನ್ನಿನಲ್ಲಿ ಬ್ಯಾಟರಿಯಿಂದ ಹಿಡಿದು ಪಿಸ್ಟನ್ ರಿಂಗಿನವರೆಗೆ ಎಲ್ಲವನ್ನೂ ಅನುಮಾನಿಸಬೇಕಾಗುತ್ತದೆ. ಒಮ್ಮೆ ಸ್ಟಾರ್ಟ್ ಆದ ಎಂಜಿನ್ ಮಾತ್ರ, ಸಿಲಿಂಡರಿನಲ್ಲಿ ಗಾಳಿ ಸಾಕಷ್ಟು ಒತ್ತಲ್ಪಟ್ಟು ಬಿಸಿಯಾಗುತ್ತಿದೆ, ನಾಜಲ್ ಡೀಸೆಲನ್ನು ಸಿಂಪಡಿಸುತ್ತಿದೆ ಎಂಬುದನ್ನು ತಾನೇ ತೋರಿಸಿಕೊಟ್ಟಿರುತ್ತದೆ. ಶುರುವಿಗೆ ಸಿಕ್ಕ ಡೀಸೆಲ್ ಆಮೇಲೆ ಏಕೆ ಸಿಗಲಿಲ್ಲ ಎಂಬುದಷ್ಟೇ ಹೆಚ್ಚಿನ ಸಂದರ್ಭಗಳಲ್ಲಿ ಉಳಿಯುವ ಪ್ರಶ್ನೆ. ಈ ಪ್ರಶ್ನೆಯ ಸುತ್ತ ರಸ್ತೆಬದಿಯಲ್ಲಿ ಬೆಳೆದ ಕಸುಬು ಎಂಜಿನ್ನಿನ ಇತಿಹಾಸಕ್ಕಿಂತ ಪಂಪಿನ ಇತಿಹಾಸಕ್ಕೆ ಹೆಚ್ಚು ಋಣಿಯಾಗಿದೆ.

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿಗೆ ಇಂಧನವನ್ನು ಒತ್ತಡದ ಗಾಳಿಯಿಂದ ಊದಬೇಕಾಗಿದ್ದುದರಿಂದ ಅದಕ್ಕೆ ಭಾರಿ ಕಂಪ್ರೆಸರ್ ಬೇಕಾಗಿತ್ತು. ಹೀಗಾಗಿ ಆ ಎಂಜಿನ್ ಕಾರ್ಖಾನೆಗೂ ಹಡಗಿಗೂ ಹೊಂದಿತೇ ಹೊರತು ಲಾರಿಗೆ ಹೊಂದಲಿಲ್ಲ. 1923ರಲ್ಲಿ ಬೆಂಜ್, 1924ರಲ್ಲಿ ಎಂ.ಎ.ಎನ್. ಕಂಪನಿಗಳು ಕಂಪ್ರೆಸರಿಲ್ಲದ ಡೀಸೆಲ್ ಲಾರಿಗಳನ್ನು ರಸ್ತೆಗೆ ತಂದವಾದರೂ, ಅವು ನೆಚ್ಚಿಕೊಳ್ಳಬಹುದಾದ ಪಂಪು ದೊಡ್ಡ ಪ್ರಮಾಣದ ತಯಾರಿಕೆಯಲ್ಲಿ ಬಂದದ್ದು 1927ರಲ್ಲಿ, ಬಾಷ್ ಕಂಪನಿಯಿಂದ. ಒಂದೊಂದು ಸಿಲಿಂಡರಿಗೆ ಒಂದೊಂದು ಪ್ಲಂಜರ್, ಅಂದರೆ ಉಕ್ಕಿನ ಒತ್ತುಕಡ್ಡಿ, ಸಾಲಾಗಿ ನಿಂತಿರುವ ಈ ಪಂಪಿನಲ್ಲಿ ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗಗಳಷ್ಟು. ಅಷ್ಟು ಬಿಗಿಯಾದ ಯಂತ್ರಕ್ಕೆ ಕಸವೂ ನೀರೂ ಶತ್ರುಗಳಾದವು. ಎಂಜಿನ್ನನ್ನು ಥಟ್ಟನೆ ನಿಲ್ಲಿಸುವ ವಿಷಯದಲ್ಲಂತೂ ಗಾಳಿ ಇನ್ನೂ ದೊಡ್ಡ ಶತ್ರುವಾಯಿತು. ಡೀಸೆಲನ್ನು ಒತ್ತಿದರೆ ಒತ್ತಡ ತಕ್ಷಣ ಏರಿ ನಾಜಲ್ ತೆರೆದುಕೊಳ್ಳುತ್ತದೆ. ಅದರೊಳಗೆ ಗಾಳಿ ಸೇರಿದ್ದರೆ ಪ್ಲಂಜರಿನ ಶ್ರಮವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಕಳೆದು ನಾಜಲ್ ತೆರೆಯುವುದೇ ಇಲ್ಲ.

ಭಾರತದಲ್ಲಿ ಎರಡನೆಯ ಮಹಾಯುದ್ಧದ ನಂತರ ಬಹುಕಾಲ ಓಡಿದ ಸೇನೆಯ ಹಳೆಯ ಲಾರಿಗಳಲ್ಲಿ ಬಹುಪಾಲು ಪೆಟ್ರೋಲಿನವು. ಅವು ಬಿಸಿಲಿನ ಏರುದಾರಿಯಲ್ಲಿ ನಿಂತರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿರುವ ಸಂಭವವಿದ್ದುದರಿಂದ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸುವುದು ರೂಢಿಯ ಉಪಾಯವಾಗಿತ್ತು; ಅದು ಫಲಿಸದಿದ್ದರೆ ಪ್ಲಗ್ಗು, ಕಾಯಿಲ್, ಕಾರ್ಬ್ಯುರೇಟರ್ ಎಂದು ಹುಡುಕಾಟ ನಾಲ್ಕು ಕಡೆ ಹರಡಿಕೊಳ್ಳುತ್ತಿತ್ತು. ಟೆಲ್ಕೋ ಕಂಪನಿ 1954ರಲ್ಲಿ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಜಮ್‌ಶೆಡ್‌ಪುರದಿಂದ ಡೀಸೆಲ್ ಲಾರಿಗಳನ್ನು ಹೊರತಂದ ಮೇಲೆ, ಮರುವರ್ಷ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆದ ಮೇಲೆ, ಲಾರಿ ಎಂದರೆ ಡೀಸೆಲ್ ಎಂಬ ಸ್ಥಿತಿ ಕ್ರಮೇಣ ನೆಲೆಗೊಂಡಿತು. ಪಂಪು, ನಾಜಲ್‌ಗಳನ್ನು ದೇಶದಲ್ಲೇ ತಯಾರಿಸಲು ಬಾಷ್ ಸಹಯೋಗದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 1951ರಲ್ಲೇ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿತ್ತು. ಜನರ ಬಾಯಲ್ಲಿ ಅದು ಮೈಕೋ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಮೈಕೋ ಲೇಔಟ್ ಎಂಬ ಹೆಸರನ್ನು ನಗರ ಬಿಟ್ಟುಕೊಟ್ಟಿಲ್ಲ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲವಾದ್ದರಿಂದ ಹುಡುಕಾಟ ಒಂದೇ ಸಾಲಿಗೆ ಇಳಿಯಿತು: ಟ್ಯಾಂಕ್, ಪೈಪು, ಫೀಡ್ ಪಂಪ್, ಫಿಲ್ಟರ್, ದೊಡ್ಡ ಪಂಪು, ನಾಜಲ್. ಟ್ಯಾಂಕಿನಿಂದ ಡೀಸೆಲನ್ನು ಎಳೆದು ಫಿಲ್ಟರಿನ ಮೂಲಕ ಪ್ಲಂಜರುಗಳಿರುವ ದೊಡ್ಡ ಪಂಪಿಗೆ ತಳ್ಳುವ ಚಿಕ್ಕ ಪಂಪೇ ಫೀಡ್ ಪಂಪ್. ಅದರ ಮೇಲೆ ಕೈಯಿಂದ ಒತ್ತುವ ಗುಬಟೊಂದಿರುತ್ತಿತ್ತು. ಲಾರಿ ನಿಂತೊಡನೆ ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಗುಬಟನ್ನು ಒತ್ತುತ್ತ, ಮೊದಲು ನೊರೆಯಾಗಿ ಬರುವ ಡೀಸೆಲ್ ಗುಳ್ಳೆಯಿಲ್ಲದ ಧಾರೆಯಾಗುವವರೆಗೆ ಕಾಯುವುದಕ್ಕೆ ಏರ್ ತೆಗೆಯುವುದು ಎಂದು ಹೆಸರು. ಇದು ಡ್ರೈವರಿಗೂ ಕ್ಲೀನರಿಗೂ ಬರುತ್ತಿದ್ದ ವಿದ್ಯೆ. ಏರ್ ತೆಗೆದ ಮೇಲೂ ಎಂಜಿನ್ ಮತ್ತೆ ನಿಂತರೆ, ಗಾಳಿ ಎಲ್ಲಿಂದ ಒಳಗೆ ಬರುತ್ತಿದೆ ಎಂದು ಕಂಡುಹಿಡಿಯುವಲ್ಲಿ ಮೆಕ್ಯಾನಿಕ್ಕಿನ ಕೆಲಸ ಶುರುವಾಗುತ್ತಿತ್ತು. ಫೀಡ್ ಪಂಪಿನಿಂದ ಮುಂದಿನ ಭಾಗದಲ್ಲಿ ಡೀಸೆಲ್ ಒತ್ತಡದಲ್ಲಿರುವುದರಿಂದ ಅಲ್ಲಿನ ಬಿರುಕು ಹೊರಗೆ ಜಿನುಗಿ ಕಣ್ಣಿಗೆ ಬೀಳುತ್ತದೆ. ಅದರ ಹಿಂದಿನ ಭಾಗದಲ್ಲಿ ಡೀಸೆಲ್ ಎಳೆಯಲ್ಪಡುವುದರಿಂದ, ಎಂಜಿನ್ ಓಡುತ್ತಿರುವಾಗ ಅಲ್ಲಿನ ಬಿರುಕು ಹನಿಯನ್ನೂ ಚೆಲ್ಲದೆ ಗಾಳಿಯನ್ನು ಒಳಗೆಳೆಯುತ್ತದೆ. ಆದ್ದರಿಂದ ಎಣ್ಣೆ ಜಿಡ್ಡಿಲ್ಲದ ಒಣ ಪೈಪನ್ನೇ ಹೆಚ್ಚು ಅನುಮಾನಿಸಬೇಕೆಂಬುದು ಅನುಭವಿಗಳ ತರ್ಕ. ಖಚಿತಪಡಿಸಿಕೊಳ್ಳಲು ಟ್ಯಾಂಕಿನ ಪೈಪು ಬಿಚ್ಚಿ, ಎಂಜಿನ್ನಿಗಿಂತ ಎತ್ತರದಲ್ಲಿ ಡೀಸೆಲ್ ತುಂಬಿದ ಡಬ್ಬಿಯೊಂದನ್ನು ತೂಗುಹಾಕಿ ನೇರವಾಗಿ ಫೀಡ್ ಪಂಪಿಗೆ ಕೊಳವೆ ಕೊಡುತ್ತಿದ್ದರು; ಎಂಜಿನ್ ನಿಲ್ಲದೆ ಓಡಿದರೆ ದೋಷ ಟ್ಯಾಂಕಿಗೂ ಪಂಪಿಗೂ ನಡುವೆ ಇದೆಯೆಂದು ತೀರ್ಮಾನ. ಅಷ್ಟು ಕಡಿಮೆ ಸಾಮಗ್ರಿಯಲ್ಲಿ ಅರ್ಧ ಎಂಜಿನ್ನನ್ನೇ ಅನುಮಾನದಿಂದ ಬಿಡಿಸುವ ಪರೀಕ್ಷೆ ಇನ್ನೊಂದಿರಲಾರದು.

ನಿಲ್ಲುವ ಬಗೆಯೂ ಸಾಕ್ಷಿ ಹೇಳುತ್ತಿತ್ತು. ಹಲವು ಮೈಲಿ ಸರಿಯಾಗಿ ಓಡಿ ಆಮೇಲೆ ಸೋತು ನಿಂತು, ಟ್ಯಾಂಕಿನ ಮುಚ್ಚಳ ತೆಗೆದೊಡನೆ ಸರಿಹೋದರೆ, ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡು ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿತ್ತೆಂದು ಅರ್ಥ. ಖಾಲಿ ನಡೆಯಲ್ಲಿ ಓಡುತ್ತಿದ್ದು ಲೋಡು ಬಿದ್ದೊಡನೆ ನಿಂತರೆ ಫಿಲ್ಟರ್ ಕಟ್ಟಿರುವ ಸಂಭವ ಹೆಚ್ಚು. ಹೊಗೆ ತೆಳುವಾಗುತ್ತ ಎಂಜಿನ್ ಆರಿದರೆ ಡೀಸೆಲ್ ತಲುಪುತ್ತಿಲ್ಲ. ಬಿಳಿಹೊಗೆ ಕಾರುತ್ತ ಆರಿದರೆ ತಲುಪಿದ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಎಂಜಿನ್ ಓಡುತ್ತಿರುವಾಗಲೇ ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ, ಯಾವುದನ್ನು ಸಡಿಲಿಸಿದರೆ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಕಿವಿಯಿಂದಲೇ ನಿರ್ಧರಿಸುತ್ತಿದ್ದರು.

ರಸ್ತೆಬದಿಯ ಅಧಿಕಾರ ದೊಡ್ಡ ಪಂಪಿನ ಹೊರಗೋಡೆಗೆ ಮುಗಿಯುತ್ತಿತ್ತು. ಗರಿಷ್ಠ ಡೀಸೆಲಿನ ಪ್ರಮಾಣವನ್ನು ನಿಗದಿಮಾಡುವ ಸ್ಕ್ರೂವಿಗೆ ತಂತಿ ಕಟ್ಟಿ ಸೀಸದ ಮುದ್ರೆ ಒತ್ತಿರುತ್ತಿದ್ದುದರಿಂದ, ಸವೆದ ಪ್ಲಂಜರಿನ ಪಂಪನ್ನು ಬಿಚ್ಚಿ ಟೆಸ್ಟ್ ಬೆಂಚ್ ಇರುವ ಅಂಗಡಿಗೆ ಒಯ್ಯಬೇಕಾಗುತ್ತಿತ್ತು. ಅಲ್ಲಿ ಪಂಪನ್ನು ಮೋಟಾರಿನಿಂದ ತಿರುಗಿಸಿ, ಪ್ರತಿ ಪ್ಲಂಜರ್ ನಿಗದಿತ ಸಂಖ್ಯೆಯ ಒತ್ತುಗಳಲ್ಲಿ ಸುರಿದ ಡೀಸೆಲನ್ನು ಗೆರೆ ಕೊರೆದ ಗಾಜಿನ ಕೊಳವೆಗಳಲ್ಲಿ ಅಳೆದು ಸಮಗೊಳಿಸುತ್ತಿದ್ದರು. ಈ ಕೆಲಸದವರು ಕ್ರಮೇಣ ಎಂಜಿನ್ ಮೆಕ್ಯಾನಿಕ್ಕುಗಳಿಂದ ಬೇರೆಯಾದ ವರ್ಗವೇ ಆದರು. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಅವರಿಗೆ ಕೆಲಸ ಒದಗಿಸುತ್ತಿತ್ತು; ಏಕೆಂದರೆ ಸಾಲುಪಂಪಿನ ಪ್ಲಂಜರುಗಳಿಗೆ ತಾವು ಒತ್ತುವ ಡೀಸೆಲಿನ ಜಿಡ್ಡೇ ಗ್ರೀಸು, ಸೀಮೆಎಣ್ಣೆಗೆ ಆ ಜಿಡ್ಡು ಕಡಿಮೆ.

ಮಾಲಿನ್ಯದ ನಿಯಮಗಳು ಬಿಗಿಯಾಗುತ್ತ, 2017ರಲ್ಲಿ ಬಿಎಸ್-4, 2020ರಲ್ಲಿ ಬಿಎಸ್-6 ಮಾನದಂಡ ದೇಶದಾದ್ಯಂತ ಜಾರಿಗೆ ಬಂದಂತೆ ಹೊಸ ಲಾರಿಗಳಿಂದ ಸಾಲುಪಂಪು ಮರೆಯಾಗಿ ಕಾಮನ್ ರೈಲ್ ಬಂದಿತು. ಅಂದರೆ ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಲ್ಲಿ ಒತ್ತಡದ ಡೀಸೆಲ್ ಸಿದ್ಧವಿದ್ದು, ಯಾವಾಗ ಎಷ್ಟು ಸಿಂಪಡಿಸಬೇಕೆಂಬುದನ್ನು ಗಣಕ ನಿರ್ಧರಿಸುತ್ತದೆ. ಅಲ್ಲಿನ ಒತ್ತಡ ಸಾವಿರ ಬಾರ್‌ಗೂ ಮೀರಬಹುದಾದ್ದರಿಂದ ಎಂಜಿನ್ ಓಡುತ್ತಿರುವಾಗ ನಾಜಲ್ ಪೈಪು ಸಡಿಲಿಸುವುದು ಪ್ರಾಣಾಪಾಯದ ಕೆಲಸವಾಯಿತು, ಕಿವಿಯ ಪರೀಕ್ಷೆ ನಿಂತಿತು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿ ಮಾತ್ರ ಹೆಚ್ಚು ಬದಲಾಗಿಲ್ಲ. ಅಲ್ಲಿ ಗಾಳಿ ಹೊಕ್ಕು ಎಂಜಿನ್ ನಿಂತಾಗ ಸ್ಕ್ಯಾನರ್ ರೈಲಿನ ಒತ್ತಡ ಕಡಿಮೆಯಾಗಿದೆ ಎಂಬುದನ್ನು ಹೇಳುತ್ತದೆ. ಗಾಳಿ ಹೊಕ್ಕ ಜಾಗವನ್ನು ಪೈಪಿನ ನಡುವೆ ಪಾರದರ್ಶಕ ಕೊಳವೆಯ ತುಂಡೊಂದನ್ನು ಸೇರಿಸಿ, ಗುಳ್ಳೆಗಳನ್ನು ನೋಡಿಯೇ ಹುಡುಕಬೇಕಾಗುತ್ತದೆ.