ಜಗಲಿಯ ಅತಿಥಿಯಿಂದ ಹೋಂಸ್ಟೇವರೆಗೆ

ಮಲೆನಾಡಿನ ದೊಡ್ಡ ಮನೆಗಳಿಗೆ ಅತಿಥಿ ಹೊಸಬನಲ್ಲ. ದಾರಿ ನಡೆದು ದಣಿದವರು ಜಗಲಿಯಲ್ಲಿ ಕುಳಿತರೆ ಮೊದಲು ಬೆಲ್ಲ-ನೀರು, ಆಮೇಲೆ ಊರು-ಕೇರಿಯ ವಿಚಾರಣೆ. ಹೊತ್ತು ಮುಳುಗಿದರೆ ಊಟ, ಮಲಗಲು ಚಾಪೆ. ಇದಕ್ಕೆ ಹಣ ಕೇಳುವುದು ಮನೆತನಕ್ಕೇ ಅವಮಾನ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ಅಂಥ ಹಲವು ಮನೆಗಳು ಇಂದು ಕೋಣೆಗೆ ಇಷ್ಟೆಂದು ದರ ಗೊತ್ತುಮಾಡಿದ ಹೋಂಸ್ಟೇಗಳಾಗಿವೆ. ಈ ಬದಲಾವಣೆಯ ಹಿಂದೆ ಭೂಮಿಯ ಕಥೆಯೂ ಇದೆ, ಕಾಫಿಯ ಕಥೆಯೂ ಇದೆ.

ನಡುವೆ ತೊಟ್ಟಿ, ಸುತ್ತ ಕೋಣೆಗಳು, ಮೇಲೆ ಉಪ್ಪರಿಗೆ: ಈ ಮನೆಗಳನ್ನು ಕಟ್ಟಿದ್ದು ಅವಿಭಕ್ತ ಕುಟುಂಬಕ್ಕಾಗಿ. ಅವುಗಳನ್ನು ಸಾಕಿದ್ದು ಜಮೀನು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಉಳುವವನಿಗೆ ಹೊಲದ ಒಡೆತನ ದೊರೆಯಿತು. ಗೇಣಿಯ ಭತ್ತವನ್ನೇ ನಂಬಿದ್ದ ಮನೆಗಳ ಆದಾಯ ನಿಂತಿತು. ಆದರೆ ಕಾಫಿ, ಏಲಕ್ಕಿ ಮುಂತಾದ ತೋಟಗಳಿಗೆ ಕಾಯ್ದೆ ವಿನಾಯಿತಿ ನೀಡಿತ್ತು. ಹೀಗಾಗಿ ಕಾಫಿ ಸೀಮೆಯಲ್ಲಿ ಮನೆ ಮತ್ತು ತೋಟ ಜೊತೆಯಾಗಿಯೇ ಉಳಿದವು.

ಮುಂದೆ ಕಾಫಿಯೂ ಕೈಕೊಟ್ಟಿತು. ರಫ್ತು ಕೋಟಾ ನಿಗದಿಪಡಿಸುತ್ತಿದ್ದ ಅಂತರರಾಷ್ಟ್ರೀಯ ಒಪ್ಪಂದದ ವ್ಯವಸ್ಥೆ 1989ರಲ್ಲಿ ಕುಸಿಯಿತು. 1990ರ ದಶಕದಲ್ಲಿ ಬೆಳೆಗಾರರು ಕಾಫಿ ಮಂಡಳಿಯ ಹಿಡಿತದಿಂದ ಹೊರಬಂದು ಮುಕ್ತವಾಗಿ ಮಾರತೊಡಗಿದರು. 1994ರಲ್ಲಿ ಬ್ರೆಜಿಲಿನ ಮಂಜುಗಟ್ಟುವ ಚಳಿಯಿಂದ ಬೆಲೆ ಏರಿತಾದರೂ ವಿಯೆಟ್ನಾಮಿನ ಫಸಲು ಮಾರುಕಟ್ಟೆಗೆ ಹರಿದುಬಂದು, 2001ರ ಸುಮಾರಿಗೆ ದರ ದಶಕಗಳಲ್ಲೇ ಕಾಣದಷ್ಟು ಕೆಳಗಿಳಿಯಿತು. ಮಕ್ಕಳು ಬೆಂಗಳೂರು ಸೇರಿದ್ದರು, ಕೋಣೆಗಳು ಖಾಲಿ. ಪ್ರತಿ ಮಳೆಗಾಲಕ್ಕೂ ಹೆಂಚು ಕೈಯಾಡಿಸುವ ಖರ್ಚು ಮಾತ್ರ ತಪ್ಪಲಿಲ್ಲ. ನಗರದ ಪ್ರವಾಸಿಗರಿಗೆ ಬಾಗಿಲು ತೆರೆದದ್ದು ಅನೇಕರಿಗೆ ಆಗ ಕಂಡ ದಾರಿ.

ಎಲ್ಲ ಹಳೆಯ ಮನೆಗಳೂ ಈ ದಾರಿ ಹಿಡಿಯಲಿಲ್ಲ. ಕೊಡಗಿನ ಐನ್‌ಮನೆ ಇಡೀ ಒಕ್ಕದ ಸೊತ್ತು. ಪುತ್ತರಿಯಂಥ ಹಬ್ಬಕ್ಕೆ ಎಲ್ಲರೂ ಸೇರುವ ತಾಣ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ಸ್ಮಾರಕವಾಯಿತು. ವಿಜಯನಾಥ ಶೆಣೈ ಅವರು ಹಲವು ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಜೋಡಿಸಿದರು. ಆದರೆ ಕವಿ ಹುಟ್ಟದ, ಸಂಗ್ರಾಹಕರ ಕಣ್ಣಿಗೆ ಬೀಳದ ಮನೆಗಳ ಗತಿಯೇನು?

ಬೀಗ ಬಿದ್ದ ಮನೆಯನ್ನು ಗೆದ್ದಲು ಬಿಡುವುದಿಲ್ಲ. ಒಲೆ ಹೊತ್ತುವ ಮನೆ ಮಾತ್ರ ಉಳಿಯುತ್ತದೆ. ಆ ದೃಷ್ಟಿಯಿಂದ ಹೋಂಸ್ಟೇ ಅನೇಕ ಮನೆಗಳಿಗೆ ಆಯುಸ್ಸು ಕೊಟ್ಟಿದೆ. ಆದರೆ ಮನೆಯವರು ಅಲ್ಲಿಯೇ ಇದ್ದು ಬಡಿಸಿದರೆ ಮಾತ್ರ ಅದು ಮನೆ. ಅವರೂ ಪಟ್ಟಣ ಸೇರಿ ಲೆಕ್ಕ ನೋಡಲಷ್ಟೇ ಬಂದುಹೋಗುವಂತಾದರೆ, ಉಳಿಯುವುದು ತೊಟ್ಟಿಯಿರುವ ಒಂದು ವಸತಿಗೃಹ.