ಹತ್ತಿಗೆ ಹೆಸರು ಕೊಟ್ಟ ಬಂದರು

ಹತ್ತೊಂಬತ್ತನೆಯ ಶತಮಾನದ ಮುಂಬಯಿ ಪೇಟೆಯಲ್ಲಿ 'ಕುಮಟಾ ಹತ್ತಿ' ಹೆಸರುವಾಸಿಯಾಗಿತ್ತು. ಆದರೆ ಅದು ಕುಮಟೆಯ ಬೆಳೆಯಲ್ಲ, ಧಾರವಾಡ ಸೀಮೆಯ ಎರೆನೆಲದ ಬೆಳೆ. ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಏರುತ್ತಿದ್ದುದರಿಂದ ಬಂದರಿನ ಹೆಸರೇ ಅದಕ್ಕೆ ಅಂಟಿತು. 1861ರಿಂದ 1865ರವರೆಗಿನ ಅಂತರ್ಯುದ್ಧದಿಂದಾಗಿ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ಈ ಹತ್ತಿಯ ಬೆಲೆ ಗಗನಕ್ಕೇರಿತು.

ಈ ಕರಾವಳಿಯ ಬಂದರುಗಳ ಭಾಗ್ಯವೆಲ್ಲ ಘಟ್ಟದ ದಾರಿಯನ್ನೇ ನಂಬಿಕೊಂಡಿತ್ತು. ಭಟ್ಕಳದಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದುದು ವಿಜಯನಗರದ ಸೇನೆಗಾಗಿ. 1565ರಲ್ಲಿ ಆ ಗಿರಾಕಿಯೇ ಕುಸಿದುಬಿದ್ದಿತು. ಆ ಸಿರಿಯ ಕಾಲವನ್ನು ಅಲ್ಲಿನ ಖೇತಪೈ ನಾರಾಯಣ ದೇವಾಲಯದ ಕಲ್ಕೆತ್ತನೆಯಲ್ಲಿ ಇಂದಿಗೂ ಕಾಣಬಹುದು. ಹೊನ್ನಾವರವನ್ನು ಸಾಕಿದ್ದು ಶರಾವತಿ ಕೊಳ್ಳದ ಕಾಳುಮೆಣಸು. ಕುಮಟೆಯ ಹತ್ತಿಯನ್ನೋ, 1880ರ ದಶಕದಲ್ಲಿ ಗೋವೆಯ ಮುರ್ಮುಗೋವಾ ಬಂದರಿಗೆ ಹಾಕಿದ ರೈಲುಹಳಿ ಸೆಳೆದುಕೊಂಡಿತು.

1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮೂರೂ ಊರುಗಳಿಗೆ ಮತ್ತೆ ಜೀವ ತಂದಿದೆ. ಆದರೆ ಅದು ಕಡಲಗುಂಟ ಓಡುತ್ತದೆ, ಘಟ್ಟ ಹತ್ತುವುದಿಲ್ಲ. ಘಟ್ಟ ಹತ್ತಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ದಶಕಗಳಿಂದ ಕಾಡಿನ ಪ್ರಶ್ನೆಯಲ್ಲಿ ಸಿಲುಕಿದೆ. ಹಿಂದೆ ಸಂಪತ್ತು ಇಳಿದುಬಂದ ದಾರಿಗೆ ಇಂದು ತೆರಬೇಕಾದ ಬೆಲೆ ಕಾಡು. ಕರಾವಳಿಯ ಮುಂದಿರುವ ಲೆಕ್ಕ ಇದೇ.